ನಿನ್ನ ಏಳು ಹುಂಜಗಳ ವಿಷಯ

ಜನವರಿ ೧೧

ಪ್ರಿಯ ಇವಳೇ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಮಗಳು ಫೋನಿನಲ್ಲಿ ಹೇಳಿದಳು. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆಯ ಸಮವಸ್ತ್ರಗಳು ಒಟ್ಟಿಗೇ ಬಂದು ಬಿದ್ದವು, ಅಂಗಡಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂದು ಬರೆಯಬಹುದು, ಆದರೆ ನೀನು ನಂಬುವವಳಲ್ಲ. ಪೆನ್ನು ಹಿಡಿದು ಕೂತರೆ ನಿನ್ನ ಪ್ರಶ್ನೆಯೇ ಎದುರಿಗೆ ಬಂದು ಕೂರುತ್ತದೆ. ಆಗ ಎದ್ದು ಹೋಗಿ ಕೋಳಿಗೂಡು ಗುಡಿಸುತ್ತೇನೆ. ಈ ಒಂದು ತಿಂಗಳಲ್ಲಿ ಗೂಡು ಎಷ್ಟು ಚೊಕ್ಕಟವಾಗಿದೆಯೆಂದರೆ ನಾವೇ ಹೋಗಿ ಇರಬಹುದು.

"ಫೋನಲ್ಲಿ ನೀವು ಮಾತು ತೇಲಿಸಿಬಿಡ್ತೀರಿ. ಅಡ್ಡಗೋಡೆ ಮೇಲೆ ದೀಪ ಇಡೋದು ಬೇಡ, ಬರೆದು ಕಳಿಸಿ. ಆಮೇಲೆ ನಾನು ಬರೋದೋ ಬೇಡವೋ ನೋಡ್ತೀನಿ" ಎಂದು ಹೇಳಿ ನೀನು ನಿನ್ನ ಅಕ್ಕನ ಮನೆಗೆ ಹೊರಟೆ. ಇದು ಮೂರನೆಯ ಕಾಗದ. ನಿನ್ನಿಂದ ಒಂದು ಸಾಲೂ ಇಲ್ಲ. ಆದ್ದರಿಂದ ಹಿಂದಿನ ಎರಡರಲ್ಲಿ ಬರೆದದ್ದನ್ನೇ ಮತ್ತೊಮ್ಮೆ ಬರೆಯುತ್ತೇನೆ. ಮಗಳ ಜನನದ ದಾಖಲೆಗೆಂದು ಟ್ರಂಕು ಜಾಲಾಡಿದಾಗ ನಿನಗೆ ಸಿಕ್ಕಿದ ಆಸ್ಪತ್ರೆಯ ಹಾಳೆ ಇಪ್ಪತ್ಮೂರು ವರ್ಷ ಹಳೆಯದು. 'ಹೆರಿಗೆಯ ಮೂರನೆಯ ದಿನ, ಪತಿಯ ಕೋರಿಕೆಯ ಮೇರೆಗೆ, ಮುಂದೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ' ಎಂದು ಅದರಲ್ಲಿದೆ. ನಿನ್ನ ಜೀವಕ್ಕೆ ಅಪಾಯವಿತ್ತು, ನಿನ್ನನ್ನು ಕೇಳುವಷ್ಟು ವ್ಯವಧಾನವಿರಲಿಲ್ಲ ಎಂದು ನಾನು ಅಂದಿನಿಂದ ಹೇಳಿಕೊಂಡು ಬಂದಿದ್ದೇನೆ. "ಒಪ್ಪಿಗೆ ಅಂತಿದ್ರೆ ಸರಿ. ಕೋರಿಕೆ ಅಂತ ಯಾಕಿದೆ?" ಎಂದು ನೀನು ಕೇಳಿದೆ. ನೋಡು, ಆಸ್ಪತ್ರೆಯ ಗುಮಾಸ್ತರು ದಿನಕ್ಕೆ ನೂರು ಹಾಳೆ ಬರೆಯುವವರು. ಅವರಲ್ಲೊಬ್ಬ ಒಪ್ಪಿಗೆ ಎನ್ನುವ ಕಡೆ ಕೋರಿಕೆ ಎಂದು ಗೀಚಿದ್ದಾನೆ. ಒಂದು ಪದಕ್ಕಾಗಿ ನೀನು ಮನೆ ಬಿಟ್ಟು ಕೂತಿದ್ದೀಯ.

ಅದಿರಲಿ. ಕೋಳಿಗಳ ವಿಷಯಕ್ಕೆ ಬರುತ್ತೇನೆ.

ನೀನು ಹೋಗುವಾಗ ಒಂದು ತಿಂಗಳಿನ ಮರಿಗಳಾಗಿದ್ದವಲ್ಲ, ಅವುಗಳಲ್ಲಿ ಏಳು ಹುಂಜಗಳೇ. "ನಾನಿಲ್ಲದಾಗ ಒಂದನ್ನೂ ಕೊಯ್ಯಬೇಡಿ, ಯಾರಿಗೂ ಕೊಡಬೇಡಿ" ಎಂದಿದ್ದೆ. ನಾನು ಆಗಲಿ ಎಂದಿದ್ದೆ. ಆದರೆ ಅವಕ್ಕೆ ಈಗ ಎರಡು ತಿಂಗಳು. ಜುಟ್ಟು ಕೆಂಪೇರಿದೆ, ನಡಿಗೆಯೇ ಬದಲಾಗಿದೆ. ಬೆಳಗಾದರೆ ಕತ್ತಿನ ಪುಕ್ಕ ಕೆದರಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಇನ್ನೆರಡು ತಿಂಗಳು ಕಳೆದರೆ ನಿನ್ನ ಎಂಟು ಹೇಂಟೆಗಳ ಬೆನ್ನಿನ ಮೇಲೆ ಒಂದು ಪುಕ್ಕ ಉಳಿಯುವುದಿಲ್ಲ. ಒಂದು ದೊಡ್ಡ ಹುಂಜದ ಕೂಗಿಗೇ ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ತಲೆ ಎತ್ತಿ, "ಟೈಲರೇ, ಎಂಟು ಹುಂಜ ಕೂಗಿದ್ರೆ ನಾನು ಈ ಮನೆಯಲ್ಲಿರಲ್ಲ, ಇಲ್ಲಾ ನಿಮ್ಮ ಕೋಳಿ ಇರಲ್ಲ" ಎಂದರು. ನಿವೃತ್ತರಾದರೂ ತರಗತಿ ಬಿಟ್ಟಿಲ್ಲ ಅವರು.

ಕೊಯ್ಯುವಂತಿಲ್ಲ, ಕೊಡುವಂತಿಲ್ಲ. ಕೈಕಟ್ಟಿ ಕೂರುವಂತೆಯೂ ಇಲ್ಲ. ಆಗ ನೆನಪಾದವಳು ಕಾಂಪೌಂಡರಮ್ಮ. ನಿನಗೆ ಗೊತ್ತಿರಬೇಕು, ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಕಲಸಿ ಈಗ ಮನೆಯಲ್ಲಿರುವವಳು, ಬೀದಿಯವರೆಲ್ಲ ಹಾಗೆಯೇ ಕರೆಯುತ್ತಾರೆ. ಅವಳ ರವಿಕೆಗಳನ್ನು ನಾನೇ ಹೊಲಿಯುವುದು. ಅಳತೆ ಕೊಡಲು ಬಂದವಳ ಹತ್ತಿರ ಗೋಳು ಹೇಳಿಕೊಂಡೆ. "ಬೀಜ ತೆಗೆದುಬಿಡು. ಕೂಗಲ್ಲ, ಜಗಳ ಇಲ್ಲ, ಮೈ ತುಂಬ್ಕೊಂಡು ಹತ್ತು ತಿಂಗಳು ಸುಖವಾಗಿರ್ತವೆ. ಮರಿ ಬಿಟ್ರೆ ಮರಿ ಕೂಡ ಸಾಕ್ತವೆ" ಎಂದಳು. ಹೋರಿಗೆ ಮಾಡುವುದು ಗೊತ್ತು, ಕೋಳಿಗೂ ಮಾಡುತ್ತಾರೆಂದು ಗೊತ್ತಿರಲಿಲ್ಲ. ಹೋರಿಯದು ಹೊರಗೆ ತೂಗುತ್ತಿರುತ್ತದೆ, ಇದರದ್ದು ಎಲ್ಲಿದೆ ಎಂದು ಕೇಳಿದೆ. ನಕ್ಕಳು. "ಬೆನ್ನುಮೂಳೆಗೆ ಅಂಟ್ಕೊಂಡು ಒಳಗಿರುತ್ತಪ್ಪ. ಪಕ್ಕೆಲುಬಿನ ಸಂದಿಯಿಂದ ಕೈ ಹಾಕಬೇಕು. ಗುಂಡಿಗೆ ಕಾಜಾ ಹೊಲಿಯೋ ಬೆರಳು ನಿಂದು, ಬರುತ್ತೆ. ನನ್ನ ಕಣ್ಣು ಹೋಗಿದೆ, ಇಲ್ದಿದ್ರೆ ನಾನೇ ಮಾಡ್ತಿದ್ದೆ" ಎಂದಳು.

ಮುಂದಿನ ವಾರ ಕಲಿಯಲು ಕೂರುತ್ತೇನೆ. ನಗಬೇಡ. ಹೇಗಾಯಿತೆಂದು ಬರೆಯುತ್ತೇನೆ. ನಿನ್ನ ಅಕ್ಕನಿಗೆ ನಮಸ್ಕಾರ ತಿಳಿಸು.

ನಿನ್ನ,
ಇವರು

ಜನವರಿ ೨೯

ಪ್ರಿಯ ಇವಳೇ,

ಈ ಸಲ ತಡವಾದದ್ದಕ್ಕೆ ನಿಜವಾದ ಕಾರಣವಿದೆ. ನಿನ್ನ ಗಂಡ ಶಸ್ತ್ರವೈದ್ಯನಾಗಿದ್ದಾನೆ!

ಮೊದಲು ಸತ್ತ ಕೋಳಿಯ ಮೇಲೆ ಕೈ ಪಳಗಿಸಬೇಕು ಎಂದಳು ಕಾಂಪೌಂಡರಮ್ಮ. ಮಾಂಸದಂಗಡಿಯಿಂದ ಕೊಯ್ದ ಹುಂಜವೊಂದನ್ನು ಪುಕ್ಕ ಸಮೇತ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಒಂದು ಇಡೀ ಮಧ್ಯಾಹ್ನ ಅದರ ಪಕ್ಕೆಯಲ್ಲಿ ಬೆರಳಾಡಿಸಿದೆ. ಕೊನೆಯ ಎರಡು ಪಕ್ಕೆಲುಬಿನ ನಡುವಿನ ಸಂದಿ ಬೆರಳಿಗೆ ತಾನಾಗಿ ಸಿಗುವವರೆಗೆ ಕತ್ತಿ ಮುಟ್ಟಲು ಬಿಡಲಿಲ್ಲ. ಗಿರಾಕಿಯೊಬ್ಬರು ಪ್ಯಾಂಟು ಕೇಳಲು ಬಂದು, ಮೇಜು ನೋಡಿ, ನಾಳೆ ಬರುತ್ತೇನೆಂದು ಹೊರಟುಹೋದರು.

ಬದುಕಿರುವುದರದ್ದು ಬೇರೆಯೇ ಕಥೆ. ಹಿಂದಿನ ದಿನವೆಲ್ಲ ಕಾಳಿಲ್ಲ, ನೀರಿಲ್ಲ. ಕರುಳು ಖಾಲಿಯಾದರೆ ಮಾತ್ರ ಒಳಗೆ ಕಣ್ಣು ಹಾಯುತ್ತದೆ. ಪಕ್ಕದ ಗೂಡಿನಲ್ಲಿ ಹೇಂಟೆಗಳು ತಿನ್ನುವುದನ್ನು ಇವು ಕತ್ತು ಚಾಚಿ ನೋಡುತ್ತಿದ್ದವು. ನಾಲ್ಕನ್ನು ಮೊದಲು ಮಾಡೋಣ, ಉಳಿದ ಮೂರು ಆಮೇಲೆ ಎಂದು ತೀರ್ಮಾನವಾಯಿತು. ಹಿತ್ತಲಲ್ಲಿ ಪೀಪಾಯಿ ನಿಲ್ಲಿಸಿ, ಅದರ ಮೇಲೆ ಹುಂಜವನ್ನು ಎಡಮಗ್ಗುಲಿಗೆ ಮಲಗಿಸಿ, ರೆಕ್ಕೆಗೊಂದು ಕಾಲಿಗೊಂದು ದಾರ ಕಟ್ಟಿ, ದಾರದ ತುದಿಗೆ ಇಟ್ಟಿಗೆ ತೂಗುಬಿಟ್ಟೆವು. ಹಾಗೆ ಮಾಡಿದರೆ ಅಲುಗಾಡುವುದಿಲ್ಲ. ಒಳಗೆ ನೋಡಲು ಬಿಸಿಲು ಬೇಕಲ್ಲ, ಅಂಗಡಿಯ ಕನ್ನಡಿ ತಂದೆ. ಹಿಡಿಯುವವರು ಯಾರು? ಮೇಷ್ಟ್ರು! "ನಿಮ್ಮ ನಿದ್ದೆಗೋಸ್ಕರವೇ ಮಾಡ್ತಿರೋದು, ಬನ್ನಿ" ಎಂದೆ, ಬಂದರು. ಪುಕ್ಕ ಕಿತ್ತು ಕತ್ತಿ ಇಟ್ಟದ್ದೇ ತಡ, ಅವರು ಕಣ್ಣು ಮುಚ್ಚಿಕೊಂಡು ಹದಿಮೂರರ ಮಗ್ಗಿ ಹೇಳತೊಡಗಿದರು. ಬಿಸಿಲು ಒಮ್ಮೆ ಹುಂಜದ ಮೇಲೆ, ಒಮ್ಮೆ ಕಾಂಪೌಂಡರಮ್ಮನ ಮೂಗಿನ ಮೇಲೆ. "ಮೇಷ್ಟ್ರೇ, ಮಗ್ಗಿ ತಪ್ಪಾದ್ರೂ ಪರವಾಗಿಲ್ಲ, ಬೆಳಕು ತಪ್ಪಬಾರದು" ಎಂದು ಗದರಿದಳು.

ಚರ್ಮವನ್ನು ತೊಡೆಯ ಕಡೆಗೆ ಎಳೆದು ಹಿಡಿದು, ಬೆರಳಗಲ ಕೊಯ್ದೆ. ಅವಳು ಕೊಡೆಯ ಕಡ್ಡಿ ಬಗ್ಗಿಸಿ ಮಾಡಿದ ತಂತಿಯಿಂದ ಪಕ್ಕೆಲುಬು ಅಗಲಿಸಿದಳು. ಒಳಗೊಂದು ತೆಳ್ಳನೆಯ ಪೊರೆ, ಅದನ್ನು ಕೊಕ್ಕೆಯಿಂದ ಸೀಳಿದೆ. ಅಲ್ಲಿ ಕಂಡಿತು ಮಾರಾಯ್ತಿ, ಅಕ್ಕಿಕಾಳಿಗಿಂತ ತುಸು ದಪ್ಪ, ತಿಳಿ ಹಳದಿ. ಅದರ ಹಿಂದೆಯೇ ದೊಡ್ಡ ರಕ್ತನಾಳ, ಮಿಡಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. "ಪೂರ್ತಿ ಹಿಡಿ. ಚೂರು ಉಳಿದ್ರೂ ಅದು ಮತ್ತೆ ಬೆಳೆಯುತ್ತೆ. ಆಗ ಅದು ಇತ್ತ ಹುಂಜಾನೂ ಅಲ್ಲ, ಅತ್ತ ಬೀಜ ತೆಗೆದದ್ದೂ ಅಲ್ಲ, ಅರೆಹುಂಜ. ಬರೀ ಕೂಗಾಟ" ಎಂದಳು. ಹಿಡಿದು, ತಿರುಚಿ, ತೆಗೆದೆ. ಮಗ್ಗುಲು ಬದಲಿಸಿ ಇನ್ನೊಂದನ್ನೂ ತೆಗೆದೆ.

"ಇದಕ್ಕೆ ನೋವಾಗಲ್ವಾ?" ಎಂದು ನಡುವೆ ಕೇಳಿದೆ. "ಆಗುತ್ತೆ. ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ" ಎಂದಳು. ಬಿಚ್ಚಿ ಕೆಳಗೆ ಬಿಟ್ಟರೆ ಎರಡು ಹೆಜ್ಜೆ ತೂರಾಡಿ, ಪುಕ್ಕ ಕೊಡವಿ, ಸೀದಾ ಕಾಳಿನ ತಟ್ಟೆಗೆ ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು, ಖುಷಿಗೋ ಏನೋ.

ಆದರೆ ಅದನ್ನು ಬಿಚ್ಚಿ ಬಿಡುವ ಮೊದಲೇ ನಾನೊಂದು ಎಡವಟ್ಟು ಮಾಡಿದ್ದೆ. ಕಾಂಪೌಂಡರಮ್ಮ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು. ಬಾಯಿ ಬಿಟ್ಟುಕೊಂಡಿರುವ ಬಟ್ಟೆಯನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ ನನಗೆ. ರೇಷ್ಮೆ ದಾರ ಪೋಣಿಸಿ ಎರಡೂ ಪಕ್ಕೆಗೆ ನೀಟಾಗಿ, ಒತ್ತೊತ್ತಾಗಿ ಹೊಲಿದೆ. ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮಾರನೆಯ ದಿನ ನೋಡಿದರೆ ಹುಂಜ ಚೆಂಡಿನಂತೆ ಉಬ್ಬಿಕೊಂಡು, ಕಾಲು ನೆಲಕ್ಕೆ ಎಟುಕದೆ ಒದ್ದಾಡುತ್ತಿತ್ತು. ಹೌಹಾರಿ ಓಡಿದೆ. ಅವಳು ಬಂದು ನೋಡಿ, "ಇದಕ್ಕೆ ಕಾಜಾ ಹೊಲಿದವರು ಯಾರು?" ಎಂದಳು. ನಾನೇ ಎಂದೆ. "ಅಯ್ಯೋ ನಿನ್ನ! ಚರ್ಮ ಎಳೆದು ಹಿಡಿಸಿದ್ದು ಯಾಕೆ ಮತ್ತೆ? ಬಿಟ್ರೆ ಅದೇ ಜಾರಿ ಬಾಯಿ ಮುಚ್ಚುತ್ತೆ. ಒಳಗಿನ ಗಾಳಿ ಹೋಗೋದಕ್ಕೆ ದಾರಿ ಬೇಡ್ವಾ? ಮುಚ್ಚಿ ಹೊಲಿದುಬಿಟ್ರೆ ಎಲ್ಲ ಸರಿಹೋಗುತ್ತೆ ಅಂತ ನಿನ್ನ ಟೈಲರ್ ಬುದ್ಧಿ." ಹೊಲಿಗೆ ಬಿಚ್ಚಿ ಸೂಜಿಯಿಂದ ಚುಚ್ಚಿದೆ, ಉಸ್ಸೆಂದು ಇಳಿಯಿತು. ಮೇಷ್ಟ್ರು ಗೋಡೆಯಾಚೆ ನಿಂತು ಬಿದ್ದು ಬಿದ್ದು ನಕ್ಕರು.

ನಾಲ್ಕೂ ಮುಗಿದಿವೆ, ನಾಲ್ಕೂ ಚೆನ್ನಾಗಿವೆ. ಮುಂದಿನ ವಾರ ಉಳಿದ ಮೂರು. ನೀನು ಬಂದು ನೋಡಿದರೆ ಭೇಷ್ ಎನ್ನುತ್ತೀಯ. ಯಾವಾಗ ಬರುತ್ತೀಯ? ಆ ಗುಮಾಸ್ತನ ವಿಷಯ ಹಿಂದೆಯೇ ಬರೆದಿದ್ದೇನೆ, ಮತ್ತೆ ಕೆದಕುವುದಿಲ್ಲ.

ನಿನ್ನ,
ಇವರು

ಫೆಬ್ರವರಿ ೯

ಪ್ರಿಯ ಇವಳೇ,

ನಿನ್ನ ಕಾರ್ಡು ಮೊನ್ನೆ ಬಂತು. ಎರಡು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಒಕ್ಕಣೆಯಿಲ್ಲ, ಸಹಿಯಿಲ್ಲ. 'ಕೋಳಿ ನನ್ನವು. ನನ್ನನ್ನು ಕೇಳಿದಿರಾ?'

ಸುಳ್ಳು ಹೇಳುವುದಿಲ್ಲ, ಮೊದಲು ಸಿಟ್ಟೇ ಬಂತು. ಇವಳ ಮಾತು ಉಳಿಸಲು ನಾನು ಇಷ್ಟೆಲ್ಲ ಪಾಡುಪಟ್ಟರೆ, ಒಂದು ಒಳ್ಳೆಯ ಮಾತಿಗೂ ಗತಿಯಿಲ್ಲವೇ ಎಂದುಕೊಂಡೆ. ಆ ಹೊತ್ತಿಗೆ ಸರಿಯಾಗಿ ಕಾಂಪೌಂಡರಮ್ಮ ಉಳಿದ ಮೂರನ್ನು ಮುಗಿಸಲು ತನ್ನ ಡಬ್ಬಿ ಹಿಡಿದು ಬಂದಳು. ಅವಳಾದರೂ ನನ್ನ ಪರ ನಾಲ್ಕು ಮಾತಾಡಲಿ ಎಂದು ಕಾರ್ಡು ಓದಿ ಹೇಳಿದೆ. ಅವಳು ಚಹಾದ ಲೋಟ ಕೆಳಗಿಟ್ಟಳು.

"ಕೇಳಿದ್ದೀನಿ ಅಂದಿದ್ದೆಯಲ್ಲಪ್ಪ ನೀನು?"

ಅಂದಿದ್ದೆ. ಇದನ್ನು ನಿನಗೆ ಬರೆದಿರಲಿಲ್ಲ. ಮೊದಲನೆಯ ದಿನವೇ ಅವಳು, "ಕೋಳಿ ನಿನ್ನ ಹೆಂಡತೀವು ತಾನೇ, ಅವಳು ಒಪ್ಪಿದ್ದಾಳಾ?" ಎಂದು ಕೇಳಿದ್ದಳು. ನಾನು ಅಳತೆ ಟೇಪು ಸುತ್ತುತ್ತಾ, "ಕೇಳಿದ್ದೀನಿ, ಆಯ್ತು ಅಂದಳು" ಎಂದಿದ್ದೆ. ಯೋಚಿಸಿ ಹೇಳಿದ್ದೂ ಅಲ್ಲ. ಬಾಯಿಗೆ ಅಷ್ಟು ಸಲೀಸಾಗಿ ಬಂತು.

"ಉಳಿದ ಮೂರಕ್ಕೆ ನಾನು ಕೈ ಹಚ್ಚಲ್ಲ. ಅವಳ ಬಾಯಿಂದಲೇ ಬರಲಿ" ಎಂದು ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು. ಚಹಾ ಹಾಗೇ ಉಳಿಯಿತು. ಒಳ್ಳೆಯ ಹೆಂಗಸು, ನನ್ನ ಮುಖ ನೋಡಲಿಲ್ಲ ಅಷ್ಟೇ.

ಈಗ ಒಂದೊಂದಾಗಿ ಬರೆಯುತ್ತೇನೆ. ನಡುವೆ ಎದ್ದು ಗೂಡು ಗುಡಿಸುವುದಿಲ್ಲ.

ನಾಲ್ಕೂ ಚೆನ್ನಾಗಿವೆ ಎಂದಿದ್ದೆ. ನಾಲ್ಕಲ್ಲ, ಮೂರು. ಬೋಳುಕತ್ತಿನದು ಸತ್ತಿತು. ಎರಡು ಮುಗಿಸಿ ನನಗೆ ಕೈ ಕುದುರಿದೆ ಎಂಬ ಜಂಬ ಬಂದಿತ್ತು. ಕಾಂಪೌಂಡರಮ್ಮ ನಿಧಾನ ಎನ್ನುತ್ತಿದ್ದಳು, ನಾನು ಎಳೆದೆ, ಹಿಂದಿನ ರಕ್ತನಾಳ ಹರಿಯಿತು. ಇಟ್ಟಿಗೆ ಕಟ್ಟಿದ್ದೆವಲ್ಲ, ಒದ್ದಾಡಲೂ ಆಗಲಿಲ್ಲ ಅದಕ್ಕೆ. ಕೆಳಗಿನ ಕಣ್ಣುರೆಪ್ಪೆ ಮೆಲ್ಲಗೆ ಮೇಲೇರಿ ಮುಚ್ಚಿತು. ಹಿತ್ತಲ ಮೂಲೆಯಲ್ಲಿ ಹೂತೆ. ನಿನಗೆ ಹೇಳಿದರೆ ಕೆಲಸ ನಿಲ್ಲಿಸು ಎನ್ನುತ್ತೀಯ ಎಂದು ಹೇಳಲಿಲ್ಲ.

ಉಳಿದ ಮೂರು, ಅಂದರೆ ನಾನು ಮುಟ್ಟದ ಮೂರು, ಹಾಗೆಯೇ ಇವೆ. ಒಂದು ನಿನ್ನೆಯಿಂದ ಕೂಗಲು ಕಲಿಯುತ್ತಿದೆ, ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನ ಹಾಗೆ. ಮೇಷ್ಟ್ರಿಗೆ ಹೇಳಿದ್ದೇನೆ, ಕೋಳಿಯವಳಿಂದ ಉತ್ತರ ಬರುವವರೆಗೆ ಸಹಿಸಿಕೊಳ್ಳಬೇಕು ಎಂದು. ಆಶ್ಚರ್ಯವೆಂದರೆ ಅವರು ಹೂಂ ಎಂದರು. ಕನ್ನಡಿ ಹಿಡಿದ ಮೇಲೆ ಅವರೂ ಸ್ವಲ್ಪ ಮೆತ್ತಗಾಗಿದ್ದಾರೆ. ಏನು ಮಾಡಲಿ ಹೇಳು. ಬೀಜ ತೆಗೆಯಲೋ, ಯಾರಿಗಾದರೂ ಕೊಡಲೋ, ಹಾಗೇ ಬಿಡಲೋ. ನೀನು ಬರೆಯುವವರೆಗೆ ಮುಟ್ಟುವುದಿಲ್ಲ.

ಇನ್ನು ಆ ಹಾಳೆ.

ಗುಮಾಸ್ತ ಸರಿಯಾಗಿಯೇ ಬರೆದಿದ್ದಾನೆ. ಕೋರಿದವನು ನಾನೇ. ಜೀವಕ್ಕೆ ಅಪಾಯ ಇರಲಿಲ್ಲ. ಹೆರಿಗೆಯ ಎರಡು ದಿನ ಇತ್ತು, ಮೂರನೆಯ ದಿನ ಇರಲಿಲ್ಲ. ಆ ಎರಡು ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತು ನಿನ್ನ ಕೂಗು ಕೇಳಿದೆ. ಮೊದಲು ನನ್ನನ್ನು ಕರೆಯುತ್ತಿದ್ದೆ, ಆಮೇಲೆ ಅಮ್ಮಾ ಎನ್ನುತ್ತಿದ್ದೆ, ಕೊನೆಕೊನೆಗೆ ಬರೀ ದನಿ. ಒಮ್ಮೆ ದಾದಿ ಹೊರಗೆ ಬಂದು, ಇಬ್ಬರಲ್ಲಿ ಒಬ್ಬರಾದರೂ ಉಳಿಯಬಹುದು ಎಂದಳು. ನೀವಿಬ್ಬರೂ ಉಳಿದಿರಿ. ನನಗೆ ಮಾತ್ರ ಆ ಬೆಂಚಿನಿಂದ ಏಳಲಾಗಲಿಲ್ಲ. ಇನ್ನೊಮ್ಮೆ ಇದನ್ನು ಕೇಳಲಾರೆ ಎನ್ನಿಸಿತು. ಗಮನಿಸು, ನೀನು ಇನ್ನೊಮ್ಮೆ ತಾಳಲಾರೆ ಎಂದು ನಾನು ಯೋಚಿಸಲಿಲ್ಲ. ನಾನು ಕೇಳಲಾರೆ ಎಂದುಕೊಂಡೆ. ಮೂರನೆಯ ದಿನ ಡಾಕ್ಟರ ಕೋಣೆಗೆ ನಾನಾಗಿಯೇ ಹೋದೆ. ನಿನಗೆ, "ಹೊಲಿಗೆ ಸರಿಯಾಗಿ ಕೂತಿಲ್ವಂತೆ, ಸರಿ ಮಾಡ್ತಾರೆ" ಎಂದೆ. ನಾನು ಟೈಲರ್ ತಾನೇ, ಹೊಲಿಗೆಯ ವಿಷಯದಲ್ಲಿ ನೀನು ನನ್ನನ್ನು ನಂಬಿದೆ.

ಮಾರನೆಯ ದಿನ ನೀನು ಎದ್ದು ಕೂತು ಗಂಜಿ ಕುಡಿದೆ. ಏನೂ ಆಗಿಲ್ಲವೆಂದು ನಾನು ನಿರಾಳವಾಗಿದ್ದೆ. ಒಂದು ವಾರ ಬಿಟ್ಟು, ಜೀವ ಉಳಿಸಲು ಬೇರೆ ದಾರಿ ಇರಲಿಲ್ಲವಂತೆ ಎಂದೆ. ನೀನು ಗೋಡೆಯ ಕಡೆ ಹೊರಳಿದೆ. ಆಮೇಲೆ ನೀನಾಗಿ ಆ ಮಾತೆತ್ತಲಿಲ್ಲ. ಬೇರೆಯವರ ಮನೆಯ ತೊಟ್ಟಿಲು ಕಂಡರೆ ಮಾತ್ರ ಎರಡು ದಿನ ಮಾತಾಡುತ್ತಿರಲಿಲ್ಲ. ನನಗೆ ಕಾರಣ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ತಲೆನೋವಾ ಎಂದು ಕೇಳುತ್ತಿದ್ದೆ. ಇಪ್ಪತ್ಮೂರು ವರ್ಷ ಹೀಗೆ ಕೇಳಿದ್ದೇನೆ. ಬರೆಯುವಾಗ ನನಗೇ ಹೇಸಿಗೆಯಾಗುತ್ತಿದೆ.

ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಲೇಬೇಕು ಎಂದು ಒತ್ತಾಯ ಮಾಡಿದ ಹಾಗಾಗುತ್ತದೆ. ಆದ್ದರಿಂದ ತಪ್ಪು ಮಾಡಿದೆ ಎಂದಷ್ಟೇ ಬರೆಯುತ್ತೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೂ ಕೋಳಿಗಳನ್ನು ನೋಡಿಕೊಳ್ಳುತ್ತೇನೆ, ಅವುಗಳ ಸುದ್ದಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿನ್ನ ಅಕ್ಕ ಭಾವನಿಗೆ ನಮಸ್ಕಾರ. ಮಗಳು ಅಲ್ಲಿಗೆ ಬಂದರೆ ನನ್ನ ಆಶೀರ್ವಾದ ತಿಳಿಸು, ಈ ಕಾಗದವನ್ನು ಅವಳಿಗೆ ತೋರಿಸಬೇಕೆನ್ನಿಸಿದರೆ ತೋರಿಸು. ನಿನ್ನ ಮೊಣಕಾಲಿಗೆ ಚಳಿ ತಾಗದಂತೆ ನೋಡಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಇವರು

ಮರೆತಿದ್ದು: ಮರೆತಿಲ್ಲ, ಬಿಟ್ಟಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ.

ನಾನು ಕೋರಿಕೊಂಡಾಗ ಡಾಕ್ಟರು ತಕ್ಷಣ ಒಪ್ಪಲಿಲ್ಲ. "ಅವರು ಎಚ್ಚರವಾಗೇ ಇದ್ದಾರಲ್ಲ, ಮೊದಲು ಹೋಗಿ ಕೇಳ್ಕೊಂಡು ಬನ್ನಿ. ಅವರು ಹೂಂ ಅಂದ್ರೆ ಮಾತ್ರ" ಎಂದರು. ನಾನು ವಾರ್ಡಿನ ಬಾಗಿಲವರೆಗೆ ಬಂದೆ. ನೀನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟೆ ಸರಿಸಿ ಅದರ ಕಾಲಬೆರಳು ಎಣಿಸುತ್ತಿದ್ದೆ. "ನೀನು ದೊಡ್ಡಕ್ಕ ಆಗ್ತೀಯ ಕಣೇ. ಮೊದಲು ಒಬ್ಬ ತಮ್ಮ, ಆಮೇಲೆ ಒಬ್ಬ ತಂಗಿ. ಅವರನ್ನ ನೀನೇ ಎತ್ಕೋಬೇಕು" ಎಂದು ಅದಕ್ಕೆ ಹೇಳುತ್ತಿದ್ದೆ. ನನ್ನನ್ನು ನೋಡಲಿಲ್ಲ. ನಾನು ಐದು ನಿಮಿಷ ಅಲ್ಲೇ ನಿಂತಿದ್ದೆ. ವಾಪಸ್ಸು ಹೋಗಿ ಡಾಕ್ಟರಿಗೆ, "ಕೇಳಿದೆ, ಹೂಂ ಅಂದಳು" ಎಂದೆ.